ಹೊಲಿಗೆಯ ಗುಂಟ

ಇಲ್ಲಿ ನನ್ನ ಮೊದಲ ಕೆಲಸ ಕತ್ತರಿಸುವುದು.
ಡಾಕ್ಟರು ಮುಟ್ಟುವ ಮೊದಲು,
ಹೆಸರೇನೆಂದು ಯಾರಾದರೂ ಕೇಳುವ ಮೊದಲು
ಬಟ್ಟೆ ಬಿಚ್ಚಬೇಕು.
ಬಿಚ್ಚಲು ಪುರುಸೊತ್ತಿಲ್ಲದವರದು ಕತ್ತರಿಸಬೇಕು.

ಕತ್ತರಿಯ ತುದಿ ಮೊಂಡು,
ಬಾತಿನ ಕೊಕ್ಕಿನಂತೆ ಚಪ್ಪಟೆ,
ಚರ್ಮಕ್ಕೆ ನಾಟದೆ ಜಾರಲೆಂದು.
ಅಬ್ಬಾ ಒಮ್ಮೆ ಕೈಗೆ ತಗೊಂಡು ನೋಡಿ ನಕ್ಕರು:
"ಇದು ಕಾಜಾದ ನೂಲನ್ನೂ ಕತ್ತರಿಸೋಲ್ಲ ಬೇಟಿ."

ಕೋಲಾರದ ಕ್ಲಾಕ್ ಟವರಿನ ಹಿಂದೆ, ಹಸಿರು ಬಾಗಿಲಿನ ಅರ್ಧ ಅಂಗಡಿ,
ಇನ್ನರ್ಧ ಬೀಗ ರಿಪೇರಿಯ ಚೌಡಪ್ಪನದು.
ಹಯಾತ್ ಟೈಲರ್ಸ್.
ಮೂವತ್ತೆಂಟು ವರ್ಷ ಅಬ್ಬಾ ಅಳತೆ ತೆಗೆದ ಊರು.
ಯಾರ ಸೊಂಟ ಮದುವೆಯಾದ ಮೇಲೆ ಎರಡಿಂಚು ಹೆಚ್ಚಿತು,
ಯಾರ ಮಗನ ಯೂನಿಫಾರ್ಮಿನಲ್ಲಿ
ಬೆಳೆಯಲೆಂದು ಒಳಗೆ ಮಡಿಚಿಟ್ಟ ಬಟ್ಟೆ ಎಷ್ಟು,
ಎಲ್ಲ ಇರುವ ಉದ್ದನೆಯ ಪುಸ್ತಕ.
ಹೆಸರಿನ ಪಕ್ಕ ಅಂಕಿ. ಅಂಕಿಯ ಪಕ್ಕ ಬಾಕಿ.

ನಾವೂ ಹಾಗೇ ಬರೆಯುತ್ತೇವೆ.
ನಾಡಿ ನೂರಾ ಮೂವತ್ತು. ಆಮ್ಲಜನಕ ಎಂಬತ್ತಾರು.
ಹೆಸರು ಸಿಗದಿದ್ದರೆ: ಅಪರಿಚಿತ, ಗಂಡಸು, ಸುಮಾರು ನಲವತ್ತು.

ಬೆಳಗಿನ ಜಾವ ಮೂರರಿಂದ ಐದು ಕೆಟ್ಟ ಹೊತ್ತು.
ಮುಳಬಾಗಿಲ ಕಡೆಯಿಂದ, ಶ್ರೀನಿವಾಸಪುರದ ಕಡೆಯಿಂದ
ಮಾರ್ಕೆಟ್ಟಿಗೆ ಟೊಮೆಟೊ ಓಡುವ ಹೊತ್ತು;
ಗಾಡಿಯ ತುಂಬ ಕ್ರೇಟು, ಕ್ರೇಟಿನ ಮೇಲೆ ನಿದ್ದೆಗಣ್ಣಿನ ಹುಡುಗರು.
ನೂರೆಂಟು ಹಿಂದಕ್ಕೆ ಬಂದು ಬಾಗಿಲಿಗೆ ಬೆನ್ನು ಕೊಟ್ಟರೆ
ಸ್ಟ್ರೆಚರಿನ ಮೇಲೆಲ್ಲ ಕೆಂಪು.
ಯಾವುದು ಹಣ್ಣಿನದು, ಯಾವುದು ಅಲ್ಲ,
ಮೊದಲು ಮೂಗು ಹೇಳುತ್ತದೆ, ಆಮೇಲೆ ಕೈ.

ಹೊಸದರಲ್ಲಿ ಕತ್ತರಿ ಓಡಿದತ್ತ ಓಡಿಸುತ್ತಿದ್ದೆ.
ಒಂದು ರಾತ್ರಿ ಹಾವು ಕಡಿದ ಹೆಂಗಸು.
ಕೈ ಊದಿ ರವಿಕೆಯ ತೋಳು ಕಚ್ಚಿಕೊಂಡಿತ್ತು.
"ಕತ್ತಿರಿಂಚೊದ್ದು ತಲ್ಲೀ, ಕೊತ್ತದಿ" ಅಂದಳು
ರೆಪ್ಪೆ ಎತ್ತಲಾರದೆ.
ಹೊಸದಂತೆ. ಇವತ್ತೇ ಹಾಕಿದ್ದಂತೆ.
ಕತ್ತರಿಸಿದೆ. ಕತ್ತರಿಸದೆ ಏನು ಮಾಡಲಿ?
ಆದರೆ ಕೈ ತಾನಾಗಿ ಹೊಲಿಗೆ ಹುಡುಕಿತು,
ದಾರವಷ್ಟೇ ತುಂಡಾಯಿತು, ಬಟ್ಟೆ ಉಳಿಯಿತು.

ಅಂದಿನಿಂದ ಹಾಗೇ.
"ಸಿಸ್ಟರ್, ಇದೇನು ಬೊಟೀಕಾ?" ಡಾಕ್ಟರ್ ನಂಜುಂಡರೆಡ್ಡಿ ಗದರಿ
ಗಡಿಯಾರ ನೋಡಿದರು, ಸುಮ್ಮನಾದರು.
ಹೊಲಿಗೆಯೆಂದರೆ ದಾರಿ.
ಎಲ್ಲಿ ಸೇರಿಸಿದ್ದರೋ ಅಲ್ಲಿಯೇ
ಬೇಗ ಬಿಡಲು ಒಪ್ಪುತ್ತದೆ ಬಟ್ಟೆ.

ಹೋದ ಮಾಘದಲ್ಲಿ ಒಬ್ಬ.
ಜೇಬಿನಲ್ಲಿ ಬೀಡಿಕಟ್ಟು, ಒಂದು ಬಸ್ ಟಿಕೇಟು,
ಫೋನು ರಸ್ತೆಯಲ್ಲೇ ಪುಡಿ.
ತಂದವನು ಯಾರೋ, ಚಪ್ಪಲಿ ಬಿಟ್ಟು ಹೊರಟುಹೋಗಿದ್ದ.
ಪಕ್ಕದ ಹೊಲಿಗೆ ಹಿಡಿದು ಮೇಲಕ್ಕೆ ಬಂದೆ,
ಕಂಕುಳಲ್ಲಿ ಕತ್ತರಿ ತಡೆಯಿತು: ಎರಡು ಸಾಲು ಹೊಲಿಗೆ.
ಕೊನೆಯ ಗುಂಡಿಗೆ ಮಾತ್ರ ಕೇಸರಿ ದಾರ.
ಅದು ಅಬ್ಬಾನ ರುಜು.

ಅವನಿಗೆ ಟ್ಯೂಬು ಹಾಕಿ, ರಕ್ತ ಏರಿಸಿ,
ಸ್ಕ್ಯಾನಿಗೆ ಕರೆದೊಯ್ದ ಮೇಲೆ
ಗಾಯ ಅಳೆಯುವ ಟೇಪಿನಲ್ಲಿ
ಒದ್ದೆ ಅಂಗಿಯ ಭುಜ ಅಳೆದೆ.
ಮನೆಗೆ ಫೋನು. ನಾಲ್ಕೂಕಾಲು.
"ಹದಿನೇಳೂವರೆ. ಎಡಗಡೆ ಅರ್ಧ ಇಂಚು ಇಳಿತ.
ತೋಳು ಇಪ್ಪತ್ತನಾಲ್ಕು. ನೀಲಿ ಗೆರೆ."
ಪುಟ ಮಗುಚುವ ಸದ್ದು. ಕೆಮ್ಮು.
ಅಮ್ಮಿಗೆ ಕನ್ನಡಕ ಕೇಳಿದ ಸದ್ದು.
ಮತ್ತೆ ಪುಟ.

"ವೇಮಗಲ್ ಪಿಳ್ಳಪ್ಪನ ಮಗ. ಬೈರೇಶ.
ಹಾಲಿನ ಕ್ಯಾನು ಹೊತ್ತೂ ಹೊತ್ತೂ ಇಳಿದ ಭುಜ.
ನಂಬರ್ ಬರಕೋ, ಅವರಣ್ಣಂದು."

ರಿಜಿಸ್ಟರಿನಲ್ಲಿ ಅಪರಿಚಿತ ಎಂಬುದನ್ನು ಹೊಡೆದೆ,
ಮೇಲೆ ಹೆಸರು ಬರೆದು ಚಿಕ್ಕ ಸಹಿ ಹಾಕಿದೆ.
ಅಬ್ಬಾ ಇನ್ನೂ ಫೋನಿನಲ್ಲೇ ಇದ್ದರು.

"ಉಸಿರು?"
"ಮಿಷಿನ್ನಿನಲ್ಲಿದೆ."
"ಅಂಗಿ?"
"ಹೊಲಿಗೆಯ ಗುಂಟವೇ ಬಿಟ್ಟಿದೆ ಅಬ್ಬಾ."
"ಹಾಗಾದರೆ ತೊಳೆದಿಡು."
ಸ್ವಲ್ಪ ಹೊತ್ತು ಏನೂ ಇಲ್ಲ.
"ನೂರಿಪ್ಪತ್ತು ಬಾಕಿ ಅವನದು.
ಹೋಗೋಕೆ ಬಿಡಬೇಡ."